ಆರು ವಯಲ್ ಒಡೆಯುವ ಮುನ್ನ

ಇಂಗ್ಲೆಂಡಿನ ವಾರ್ಡಿನಲ್ಲಿ ಬರೀ ‘ಆಂಫೋಟೆರಿಸಿನ್’ (ಫಂಗಸ್ ಸೋಂಕಿನ ಔಷಧಿ) ಎಂದು ಬರೆದಿದ್ದರೆ ನರ್ಸ್ ಡ್ರಿಪ್ ಹಾಕುವಂತಿಲ್ಲ. ಪ್ಲೇನೋ, ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಲಿಪೋಸೋಮಲ್ಲೋ, ಯಾವ ಬ್ರ್ಯಾಂಡೋ ಎಲ್ಲ ಚಾರ್ಟಿನಲ್ಲಿರಬೇಕು. ಇವೆರಡು ಅದಲುಬದಲಾಗುವ ಅಪಾಯದ ಬಗ್ಗೆ ಇಲ್ಲಿನ ರೋಗಿ ಸುರಕ್ಷತಾ ಸಂಸ್ಥೆ 2007ರಲ್ಲೇ ಎಚ್ಚರಿಕೆ ಹೊರಡಿಸಿತ್ತು.

ನಮ್ಮ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವವರು ರೋಗಿಯ ಮನೆಯವರು. ಅಂಗಡಿಯಲ್ಲಿ ಇದ್ದದ್ದು ಬರುತ್ತದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಹಬ್ಬಿ ಲಿಪೋಸೋಮಲ್‌ಗೆ ಹಾಹಾಕಾರ ಎದ್ದಾಗ ಪ್ಲೇನ್ ಕೂಡ ಬಳಕೆಗೆ ಬಂತು. 60 ಕೆಜಿಯ ರೋಗಿಗೆ ಲಿಪೋಸೋಮಲ್ ಕೆಜಿಗೆ 5 ಮಿಗ್ರಾಂನಂತೆ 300 ಮಿಗ್ರಾಂ, ಅಂದರೆ 50 ಮಿಗ್ರಾಂನ ಆರು ವಯಲ್ (ಔಷಧಿಯ ಸಣ್ಣ ಸೀಸೆ). ಪ್ಲೇನ್ ಆದರೆ ದಿನಕ್ಕೆ ಕೆಜಿಗೆ 1.5 ದಾಟುವಂತಿಲ್ಲ: ಹೆಚ್ಚೆಂದರೆ 90 ಮಿಗ್ರಾಂ, ಎರಡೇ ವಯಲ್. ಪ್ಲೇನ್ ಆರು ವಯಲ್ ಹೋದರೆ ಹೃದಯವೇ ನಿಲ್ಲಬಹುದು. ಹಾಗಾಗಿ ಮೂರನೆಯದಕ್ಕೆ ಕೈ ಹಾಕುವ ಮೊದಲು ಡಬ್ಬದ ಮೇಲಿನದನ್ನು ಮತ್ತೊಮ್ಮೆ ಓದಬೇಕು. ನನ್ನ ಪ್ರಕಾರ, ಅಂಗಡಿಯ ಕವರ್ ಸಿಸ್ಟರ್ ಕೈಗೆ ಬಂದಾಗಲೇ ಈ ತಪಾಸಣೆ ಶುರುವಾಗಬೇಕು. ಜೊತೆಗೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಿಪೋರ್ಟ್ ನೋಡಬೇಕು. ಸಲೈನ್ ತಾಗಿದರೆ ಪ್ಲೇನ್, ಲಿಪೋಸೋಮಲ್ ಎರಡೂ ಗರಣೆಗಟ್ಟುತ್ತವೆ. ಲೈನನ್ನು 5% ಡೆಕ್ಸ್ಟ್ರೋಸಿನಿಂದ ಫ್ಲಶ್ ಮಾಡಿಯೇ ಹಾಕಬೇಕು.

ಮಾತ್ರೆಗಳ ವಿಷಯದಲ್ಲಿ ಮಾತ್ರ ನಮ್ಮ ಪದ್ಧತಿಗೆ ಒಂದು ಅನುಕೂಲವಿದೆ. ಇಂಗ್ಲೆಂಡಿನಲ್ಲಿ ರೋಗಿಯ ಹಳೆಯ ಔಷಧಿಗಳ ಪಟ್ಟಿ ಜಿಪಿ (ಕುಟುಂಬ ವೈದ್ಯರ) ದಾಖಲೆಯಿಂದ ಸಿಗುತ್ತದೆ. ಅಂಗಡಿಯಲ್ಲಿ ತಾವೇ ಕೊಂಡು ನುಂಗಿದ್ದು ಅದರಲ್ಲಿ ಕಾಣದು. ನಮ್ಮ ಕಡೆ ಮನೆಯವರು ಪ್ಲಾಸ್ಟಿಕ್ ಕವರಿನಲ್ಲಿ ಸ್ಟ್ರಿಪ್‌ಗಳನ್ನೇ ತಂದಿರುತ್ತಾರೆ. ಬಿಚ್ಚಿ ನೋಡುವವರು ಬೇಕು, ಅಷ್ಟೆ. ಹುಳುಕಡ್ಡಿಗೆ ಇಟ್ರಾಕೊನಜೋಲ್ ಬರೆದಿದ್ದರೆ ಹಾರ್ಟ್ ಫೇಲ್ಯೂರ್ ಇದೆಯೇ, ಬಸಿರೇ ಎಂದು ಕೇಳಬೇಕು. ಕೊಲೆಸ್ಟ್ರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ಜೊತೆಗೆ ಕೂಡದು: ಅದರ ಮಟ್ಟ ರಕ್ತದಲ್ಲಿ ಏರಿ ಸ್ನಾಯುಗಳು ಹಾಳಾಗಬಹುದು. ಗ್ಯಾಸಿನ ಮಾತ್ರೆಯನ್ನಂತೂ ಯಾರೂ ಔಷಧಿಯ ಲೆಕ್ಕಕ್ಕೇ ಇಡುವುದಿಲ್ಲ. ಪ್ಯಾಂಟೊಪ್ರಜೋಲ್-ಡೋಂಪೆರಿಡೋನ್ ಜೋಡಿಯಲ್ಲಿ ಮೊದಲನೆಯದು ಹೊಟ್ಟೆಯ ಆಮ್ಲ ತಗ್ಗಿಸಿ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತದಂತೆ ಮಾಡುತ್ತದೆ. ಇಟ್ರಾಕೊನಜೋಲ್‌ನಿಂದ ಎರಡನೆಯದರ ಮಟ್ಟ ಏರಿ ಹೃದಯದ ಬಡಿತದ ಲಯ ಕೆಡಬಹುದು.

ಸಂಶಯ ಬಂದಾಗ ಡೋಸ್ ತಡೆಹಿಡಿದು ಕಾರಣ ನಮೂದಿಸಲು ಇಲ್ಲಿನ ಚಾರ್ಟಿನಲ್ಲೇ ಅವಕಾಶವಿದೆ. ಅಲ್ಲಿ ‘ಸರ್ ಬರೆದಿದ್ದಾರಲ್ಲ’ ಎಂಬ ಒಂದೇ ಮಾತು ಬಾಯಿ ಮುಚ್ಚಿಸಿಬಿಡುತ್ತದೆ. ‘ಕೊಡಬಹುದಾ ಸರ್?’ ಎಂದು ಕೇಳಿದರೆ ‘ಹ್ಞೂಂ, ಕೊಡಿ’ ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ‘ಸರ್, ಇವರು ಸಿಮ್ವಾಸ್ಟಾಟಿನ್ 20 ತಗೋತಿದ್ದಾರೆ, ನೀವು ಇಟ್ರಾಕೊನಜೋಲ್ ಬರೆದಿದ್ದೀರಿ, ಸದ್ಯಕ್ಕೆ ಕೊಟ್ಟಿಲ್ಲ, ಏನು ಮಾಡಲಿ?’ ಎಂದು ಕೇಳಿ, ಉತ್ತರವನ್ನು ಸಮಯದ ಸಮೇತ ಕೇಸ್ ಶೀಟಿನಲ್ಲಿ ಬರೆಯಬೇಕು.