ಒಂದು, ಮೂರು, ನಾಲ್ಕು, ಎರಡು

ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು 1984ರ ಪ್ರೀಮಿಯರ್ ಪದ್ಮಿನಿ ಮತ್ತು ಅದನ್ನು ಎಲ್ಲಿ ನಿಲ್ಲಿಸೋದು ಅನ್ನೋ ಚಿಂತೆ. ಹನುಮಂತನಗರದ ನಮ್ಮ ಬೀದಿಯಲ್ಲಿ ಕಾರಿಗಿಂತ ಮನುಷ್ಯನಿಗೆ ಜಾಗ ಸಿಗೋದು ಸುಲಭ. ಆದರೂ ವರ್ಷಕ್ಕೊಮ್ಮೆ ಆಯುಧಪೂಜೆ ದಿನ ಆ ಕಾರಿಗೆ ಸಿಗುವ ಮರ್ಯಾದೆ ನನಗೆ ಹುಟ್ಟುಹಬ್ಬದಲ್ಲೂ ಸಿಕ್ಕಿಲ್ಲ.

ಕಳೆದ ಆಯುಧಪೂಜೆಗೆ ನಾನು ಸ್ವಲ್ಪ ಜಾಸ್ತಿನೇ ಉತ್ಸಾಹ ತೋರಿಸಿದೆ. ಹೊರಗೆ ತೊಳೆದದ್ದು ಸಾಲದು ಅಂತ ಬಾನೆಟ್ ಎತ್ತಿದೆ. ನಾಲ್ಕು ಸಿಲಿಂಡರಿಗೂ ಸರದಿ ಪ್ರಕಾರ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪಿನ ಮೇಲೆ ಅಪ್ಪನ ಕಾಲದ ಎಣ್ಣೆಜಿಡ್ಡು. ವೈರುಗಳನ್ನು ಕಿತ್ತು, ಕ್ಯಾಪನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಫಳಫಳ ಅನ್ನಿಸಿದೆ. ಈ ಎಂಜಿನ್ನಿನಲ್ಲಿ ಕಿಡಿ ಹೋಗೋದು 1, 3, 4, 2 ಅನ್ನೋ ಲೆಕ್ಕದಲ್ಲಿ. ಲೆಕ್ಕಪತ್ರ ಬರೆದೇ ಹೊಟ್ಟೆ ಹೊರೆಯುವ ನನಗೆ ಇಂಥ ಅಡ್ಡಾದಿಡ್ಡಿ ಎಣಿಕೆ ಕಂಡರೆ ಭಯ. ತಪ್ಪಾಗಬಾರದು ಅಂತ ಒಂದೊಂದರ ಪಕ್ಕದಲ್ಲೂ ನಂಬರು ಬರೆದುಕೊಂಡೇ ವೈರು ಸಿಕ್ಕಿಸಿದೆ. ನಿಂಬೆಹಣ್ಣು ಜಜ್ಜಿ ಹೊರಟಾಗ ಎಂಜಿನ್ನು ಗುಡುಗುಡು ಅಂತ ಚೆನ್ನಾಗೇ ಇತ್ತು.

ಒಂದು ವಾರ ಕಳೆಯಿತು. ಮಂಜು ಬಿದ್ದ ಒಂದು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗುಡು, ಗುಡು, ಹ್ಞಾ, ಗುಡು. ಪಲ್ಲಕ್ಕಿ ಹೊರುವ ನಾಲ್ವರಲ್ಲಿ ಒಬ್ಬ ಭುಜ ಕೊಡದಿದ್ದರೆ ಹೇಗೋ ಹಾಗೆ ಇಡೀ ಕಾರು ಕುಲುಕಾಡತೊಡಗಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿ ನನ್ನ ಕಡೆ ಬೆನ್ನು ತಿರುಗಿಸಿಕೊಂಡ.

ಬೆಂಗಳೂರಲ್ಲಿ ಹೊಸ ಕಾರು ಕೆಟ್ಟರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹಳೇ ಕಾರು ಕೆಟ್ಟರೆ ಇಳಿದುಬಂದು ಸಲಹೆ ಕೊಡುತ್ತಾರೆ. ಹಾಲಿನವನು ಪೆಟ್ರೋಲಲ್ಲಿ ನೀರಿದೆ ಅಂದ. ಈ ವಿಷಯದಲ್ಲಿ ಅವನ ಅನುಭವ ದೊಡ್ಡದು, ಹಾಗಾಗಿ ಟ್ಯಾಂಕ್ ಖಾಲಿ ಮಾಡಿಸಿದೆ. ನೀರಿರಲಿಲ್ಲ. ಎದುರುಮನೆಯ ರಿಟೈರ್ಡ್ ಅಂಕಲ್ ವಾಕಿಂಗ್ ಕೋಲನ್ನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ತಾಗಿಸಿ, "ನೋಡಪ್ಪಾ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತೆಳು. ಇದು ಬಾಂಬೆಯ ಕುರ್ಲಾದಲ್ಲಿ ಹುಟ್ಟಿದ ಕಾರು. ಉಸಿರು ಸಾಲ್ತಿಲ್ಲ" ಅಂದರು.

"ಬಂದು 40 ವರ್ಷದ ಮೇಲಾಯ್ತಲ್ಲ ಅಂಕಲ್, ಇನ್ನೂ ಒಗ್ಗಿಲ್ವಾ?"

"ನಮ್ಮ ಮನೆಯವಳಿಗೇ ಒಗ್ಗಿಲ್ಲ" ಅಂದು ಹೋದರು.

ಇನ್ನು ನಾನೇ ಪತ್ತೆ ಮಾಡುತ್ತೇನೆ ಅಂತ ಹೊರಟೆ. ವಿಧಾನ ಸರಳ. ಎಂಜಿನ್ ಓಡುತ್ತಿರುವಾಗ, ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳಬೇಕು. ಕಿತ್ತ ತಕ್ಷಣ ಎಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ ಅಂತ ಅರ್ಥ. ಏನೂ ವ್ಯತ್ಯಾಸ ಆಗದಿದ್ದರೆ ಅವನೇ ಸೋಮಾರಿ. ನಮ್ಮ ಆಫೀಸಿನಲ್ಲೂ ಈ ಪರೀಕ್ಷೆ ಮಾಡಬಹುದು, ಆದರೆ ನಾನೇ ಸಿಕ್ಕಿಬೀಳುವ ಸಂಭವ ಇರೋದರಿಂದ ಸುಮ್ನಿದ್ದೀನಿ. ಸರಳ ವಿಧಾನದಲ್ಲಿ ಯಾರೂ ಹೇಳದ ಒಂದು ಮಾತಿದೆ: ಆ ವೈರಿನಲ್ಲಿ ಹರಿಯೋದು ಸಾವಿರಾರು ವೋಲ್ಟು. ಒಂದನೇ ವೈರು ಮುಟ್ಟಿದ್ದಷ್ಟೇ ನೆನಪು. ಆಮೇಲೆ ನೋಡಿದರೆ ನಾನು ಕಾಂಪೌಂಡಿನ ತುಳಸಿಕಟ್ಟೆಗೆ ಒರಗಿದ್ದೆ. ಬಾಯಲ್ಲಿ ತಾಮ್ರದ ಚೆಂಬಿನ ರುಚಿ. ಎಡಗೈ ಇಡೀ ದಿನ ಯಾರನ್ನೋ ಟಾಟಾ ಮಾಡಿ ಕಳಿಸುತ್ತಿತ್ತು. "ರೀ, ಬೈಕ್ ಗ್ಲೌಸ್ ಹಾಕ್ಕೊಳ್ಳಿ" ಅಂದಳು ಹೆಂಡತಿ, ಅಡುಗೆಮನೆಯಿಂದ ಹೊರಗೆ ಬರದೇನೇ.

ಗ್ಲೌಸ್ ಹಾಕಿ, ಇಕ್ಕಳ ಹಿಡಿದು ಮತ್ತೆ ಶುರು ಮಾಡಿದೆ. ಒಂದು, ಎರಡು, ನಾಲ್ಕು ಕಿತ್ತಾಗ ಎಂಜಿನ್ ನರಳಿತು. ಮೂರು ಕಿತ್ತರೆ ಏನೂ ಇಲ್ಲ. ಕಳ್ಳ ಸಿಕ್ಕಿದ! ಪ್ಲಗ್ಗುಗಳನ್ನು ಬಿಚ್ಚಿ ಪೇಪರಿನ ಮೇಲೆ ಸಾಲಾಗಿಟ್ಟೆ. ಚೆನ್ನಾಗಿ ಉರಿದ ಪ್ಲಗ್ಗು ಹದವಾದ ಕಾಫಿ ಬಣ್ಣಕ್ಕಿರಬೇಕು. ಮೂರು ಹಾಗೇ ಇದ್ದವು. ಮೂರನೆಯದು ಮಾತ್ರ ಕಪ್ಪಗೆ, ಪೆಟ್ರೋಲಲ್ಲಿ ಒದ್ದೆ. ಅಮ್ಮ ಬಗ್ಗಿ ನೋಡಿ, "ಇದಕ್ಕೆ ಡಿಕಾಕ್ಷನ್ ಜಾಸ್ತಿ ಆಗಿದೆ ಕಣೋ" ಅಂದಳು. ಅದನ್ನು ಒಂದನೇ ಮನೆಗೆ, ಒಂದನೆಯದನ್ನು ಮೂರನೇ ಮನೆಗೆ ಹಾಕಿ ನೋಡಿದೆ. ಆಗಲೂ ಸತ್ತದ್ದು ಮೂರೇ. ಅಂದರೆ ಪ್ಲಗ್ಗಿನದ್ದಲ್ಲ ತಪ್ಪು.

ಜೆ.ಸಿ. ರೋಡಿಗೆ ಹೋದೆ. "ಪದ್ಮಿನಿಗಾ? ಕೂತ್ಕೊಳ್ಳಿ ಸಾರ್" ಅಂತ ಅಂಗಡಿಯವರು ಸ್ಟೂಲ್ ಎಳೆದರು. ಪಾಯಿಂಟು, ಕಂಡೆನ್ಸರು, ರೋಟರು, ಹೊಸ ವೈರುಗಳು ಎಲ್ಲಾ ಕಟ್ಟಿಸಿಕೊಂಡೆ. "ಕ್ಯಾಪು?" ಅಂದರು. "ಬೇಡ, ಅದನ್ನ ನಾನೇ ಈಗ ತಾನೇ ಕ್ಲೀನ್ ಮಾಡಿದ್ದೀನಿ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. ಎಲ್ಲ ಹಾಕಿದ ಮೇಲೂ ಬೆಳಗ್ಗೆ ಅದೇ ಹ್ಞಾ. ನಡುನಡುವೆ ಕಾರ್ಬೊರೇಟರಿನಿಂದ ಟಪ್ ಅಂತ ಒಂದು ಸದ್ದು ಬೇರೆ. ದೀಪಾವಳಿ ಹತ್ತಿರ ಇದ್ದದ್ದರಿಂದ ಬೀದಿಯವರು ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಮೇಸ್ತ್ರಿ ಹತ್ತಿರ ಹೋಗೋದೂ ಸುಲಭ ಇರಲಿಲ್ಲ. ಅವರ ಶೆಡ್ಡು ತೆಗೆಯೋದು ಹನ್ನೊಂದಕ್ಕೆ. ಅಷ್ಟೊತ್ತಿಗೆ ಬಿಸಿಲು ಬಂದಿರುತ್ತೆ, ಪದ್ಮಿನಿ ಒಂದು ಕೆಮ್ಮೂ ಇಲ್ಲದೆ ಓಡುತ್ತಿರುತ್ತೆ. ಮೂರು ಸಲ ಹೋದೆ. ಮೂರನೇ ಸಲ ಅವರು ಕಾರನ್ನು ಬಿಟ್ಟು ನನ್ನನ್ನೇ ಪರೀಕ್ಷೆ ಮಾಡುವವರ ಹಾಗೆ ನೋಡಿದರು.

ಕಡೆಗೆ ಕಡಲೆಕಾಯಿ ಪರಿಷೆಯ ಸೋಮವಾರ. ಸಂಜೆಯಿಂದ ಸೋನೆಮಳೆ. ಪರಿಷೆ ಮುಗಿಸಿಕೊಂಡು ನಮ್ಮ ಬೀದಿಯಲ್ಲೇ ಹೋಗುತ್ತಿದ್ದ ಮೇಸ್ತ್ರಿಯನ್ನು ಹಿಡಿದುತಂದೆ. ಕಾರು ಧಾರಾಳವಾಗಿ ಕುಲುಕಾಡಿತು. ಅವರು ಪೊಟ್ಟಣದಿಂದ ಒಂದು ಕಾಯಿ ತೆಗೆದು ಬಿಡಿಸುತ್ತಾ, "ಲೈಟ್ ಆರಿಸಿ ಸಾರ್" ಅಂದರು. ಗೇಟಿನ ದೀಪ ಆರಿಸಿದೆ. ಕತ್ತಲು.

ಬಾನೆಟ್ ಒಳಗೆ, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ, ಸಣ್ಣದೊಂದು ನೀಲಿ ಹುಳ ಓಡಾಡುತ್ತಿತ್ತು. ಮೂರನೇ ವೈರಿನ ಬುಡದಿಂದ ಹೊರಟು, ಸ್ವಲ್ಪ ಬಾಗಿ, ನೆಟ್ಟಗೆ ನಾಲ್ಕನೇ ವೈರಿನ ಬುಡಕ್ಕೆ. ಮತ್ತೆ ಮತ್ತೆ ಅದೇ ದಾರಿ. ದಾರಿಯ ಕೊನೆಯಲ್ಲಿ ಅಚ್ಚುಕಟ್ಟಾದ ಬಾಣದ ತುದಿ.

ಅದು ನಾನೇ ಬರೆದ ಬಾಣ. ನಂಬರಿನ ಜೊತೆ, ಒಂದರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಅಂತ ಗುರುತು ಹಾಕಿದ್ದೆ. ಮಗಳ ಜಾಮಿಟ್ರಿ ಬಾಕ್ಸಿನ ಪೆನ್ಸಿಲ್ಲಿನಿಂದ. ಮೂರರ ಬಾಣ ಸರಿಯಾಗಿ ಕಾಣಲಿಲ್ಲ ಅಂತ ಎರಡು ಸಲ ತಿದ್ದಿದ್ದೆ.

"ಪೆನ್ಸಿಲ್ ಸೀಸ ಅಂದ್ರೆ ಕರೆಂಟಿಗೆ ಡಾಂಬರು ರೋಡು ಸಾರ್. ಅದರ ಮೇಲೆ ಸ್ವಲ್ಪ ತಂಡಿ ಬಿದ್ರೆ ಮುಗೀತು" ಅಂದರು ಮೇಸ್ತ್ರಿ. ಮೂರಕ್ಕೆ ಹೋಗಬೇಕಾದ ಕಿಡಿ ನಾನು ತೋರಿಸಿದ ದಾರಿ ಹಿಡಿದು ನಾಲ್ಕರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುತ್ತಿತ್ತು. ಟಪ್ ಅನ್ನುತ್ತಿದ್ದದ್ದು ಅದಕ್ಕೇ.

ಎಂಜಿನ್ ನಿಲ್ಲಿಸಿ, ಬಟ್ಟೆಗೆ ನಾಲ್ಕು ಹನಿ ಪೆಟ್ರೋಲ್ ಹಾಕಿ ಕ್ಯಾಪನ್ನು ಉಜ್ಜಿದರು. ಒಣಗಲು ಬಿಟ್ಟು ಇನ್ನೆರಡು ಕಡಲೆಕಾಯಿ ಬಿಡಿಸಿದರು. ಸ್ಟಾರ್ಟ್ ಮಾಡಿದರೆ ಗುಡುಗುಡುಗುಡುಗುಡು. ಅಮ್ಮ ಕಾಫಿ ತಂದಳು. ದುಡ್ಡು ಎಷ್ಟು ಅಂದರೆ ಬೇಡ ಅಂತ ಕೈ ಆಡಿಸಿದರು.

ಗೇಟಿನ ತನಕ ಹೋದವರು ತಿರುಗಿ ನಿಂತರು.

"ಅಕ್ಷರ ಮಾತ್ರ ಚೆನ್ನಾಗಿತ್ತು ಸಾರ್."