ಸಣ್ಣ ತಂಡ, ಲಘು ಸಾಹಸ, ಮುರುಕು ಸಂಕ

ಉತ್ತರ ಕನ್ನಡದ ಒಳದಾರಿಗಳು ಕೆಟ್ಟಿವೆ ಎಂದು ಈಗ ಯಾರೂ ಬಾಯಿಬಿಡುವಂತಿಲ್ಲ. ಕೆಟ್ಟ ದಾರಿ ಯಾವುದೋ ಪ್ರವಾಸದ ಎರಡನೇ ದಿನದ ಬೆಳಗಿನ ಕಾರ್ಯಕ್ರಮವಾಗಿರುತ್ತದೆ. ಊರಿನ ಹಾಲಿನ ಗಾಡಿ ಹೊಂಡದಲ್ಲಿ ಹೂತರೆ ಅದು ಪಂಚಾಯಿತಿಗೆ ಕೊಡಬೇಕಾದ ಅರ್ಜಿ. ಅದೇ ಹೊಂಡದಲ್ಲಿ ಬೆಂಗಳೂರಿನಿಂದ ಬಂದವರ ಜೀಪು ಹೂತು, ಹನ್ನೆರಡು ಮಂದಿ ಕೆಳಗಿಳಿದು, ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಜೀಪನ್ನು ನೂಕಿ, ಆಮೇಲೆ ಹೊಂಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರೆ ಅದು ಮುಂಗಡ ಹಣ ಕಟ್ಟಿ ಪಡೆದ ಅನುಭವ. ಹೊಂಡ ಮುಚ್ಚಿಬಿಟ್ಟರೆ ಹಣ ವಾಪಸು ಕೇಳುತ್ತಾರೆ.

ಇದರ ಹೆಸರು ಸಣ್ಣ ತಂಡದ ಪ್ರವಾಸ. ದೊಡ್ಡ ಬಸ್ಸಿನಲ್ಲಿ ಐವತ್ತು ಜನರನ್ನು ತುಂಬಿಕೊಂಡು, ಹಾಡು ಹಚ್ಚಿ, ದೇವಸ್ಥಾನಕ್ಕೆ ಅರ್ಧ ಗಂಟೆ ಬಿಟ್ಟು, ಊಟಕ್ಕೆ ಸೀಟಿ ಊದುತ್ತಿದ್ದ ಹಳೆಯ ಕ್ರಮ ಈಗ ಮರ್ಯಾದಸ್ಥರಿಗೆ ಸಲ್ಲುವುದಿಲ್ಲ. ಈಗಿನದು ಮೂರು ದಿನ, ಹನ್ನೆರಡೇ ಜನ, ಸ್ಥಳೀಯ ಸಂಸ್ಕೃತಿ, ನಿಸರ್ಗದ ಸೊಬಗು, ಮೇಲೊಂದಿಷ್ಟು ಲಘು ಸಾಹಸ. ಲಘು ಸಾಹಸಕ್ಕೆ ಲಕ್ಷಣ ಹೇಳುವುದಾದರೆ, ಎದೆ ಝಲ್ಲೆನ್ನಬೇಕು, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಯನ್ನೂ ಸೇರಬೇಕು. ಕಾಲಿಗೆ ಉಂಬಳ ಹತ್ತಬೇಕು, ಆದರೆ ಒಂದೇ ಹತ್ತಬೇಕು; ಅದನ್ನು ಬಿಡಿಸಲು ಉಪ್ಪು ಹಿಡಿದು ಒಬ್ಬ ಹುಡುಗ ಹಿಂದೆಯೇ ಬರಬೇಕು.

ತಂಡ ಸಣ್ಣದು ಎಂಬ ಮಾತಿನಲ್ಲಿ ಸುಳ್ಳೇನೂ ಇಲ್ಲ. ಹನ್ನೆರಡೆಂದರೆ ಹನ್ನೆರಡೇ. ಆದರೆ ಶನಿವಾರ ಬೆಳಿಗ್ಗೆ ಯಾಣಕ್ಕೆ ಹೋಗಿ ನೋಡಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಒಂದು ಸಣ್ಣ ತಂಡ ಮೌನ ಆಚರಿಸುತ್ತಿರುತ್ತದೆ. ಅದರ ಬೆನ್ನಿಗೆ ಇನ್ನೊಂದು ಸಣ್ಣ ತಂಡ ಮೌನಕ್ಕಾಗಿ ಸರದಿಯಲ್ಲಿ ನಿಂತಿರುತ್ತದೆ. ಮೂರನೆಯದು ಮೆಟ್ಟಿಲಲ್ಲಿ, ನಾಲ್ಕನೆಯದು ವಾಹನ ನಿಲ್ಲಿಸುವಲ್ಲಿ, ಐದನೆಯದಕ್ಕೆ ವಾಹನ ನಿಲ್ಲಿಸಲೂ ಜಾಗವಿಲ್ಲ. ಎಲ್ಲರ ಕೈಯಲ್ಲೂ ಜನಜಂಗುಳಿಯಿಂದ ದೂರ ಎಂದು ಬರೆದ ಕರಪತ್ರ. 2024ರ ಜನವರಿಯ ಒಂದು ವಾರಾಂತ್ಯ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. ಅರಣ್ಯ ಇಲಾಖೆ ಚಾರಣಕ್ಕೇ ತಡೆ ಹಾಕಿ ಆಮೇಲೆ ಆನ್‌ಲೈನ್ ಟಿಕೆಟ್ ಮಾಡಬೇಕಾಯಿತು. ಆ ಸಾವಿರಾರು ಜನ ಒಂದೇ ಮೆರವಣಿಗೆಯಲ್ಲಿ ಬಂದವರಲ್ಲ. ಸಣ್ಣ ಸಣ್ಣ ತಂಡಗಳಾಗಿ, ಏಕಾಂತವನ್ನು ಅರಸಿಕೊಂಡೇ ಬಂದವರು.

ಸಂಸ್ಕೃತಿಯ ವಿಷಯದಲ್ಲಿ ಆಯೋಜಕರು ಬಹಳ ಕಟ್ಟುನಿಟ್ಟು. ಅದು ಅಸಲಿಯಾಗಿಯೇ ಇರಬೇಕು. ಶಿರಸಿ ಸೀಮೆಯ ಅಡಕೆ ತೋಟದ ಮನೆಗಳಲ್ಲಿ ಅಸಲಿತನಕ್ಕೇನು ಕೊರತೆ ಎಂದುಕೊಂಡರೆ ಅಲ್ಲೇ ಎಡವುತ್ತೀರಿ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಅಜ್ಜಿ ನೈಟಿ ತೊಟ್ಟು ಧಾರಾವಾಹಿ ನೋಡುತ್ತಿರುತ್ತಾಳೆ. ಅಡಕೆ ಸುಲಿಯಲು ಯಂತ್ರ ಬಂದಿರುತ್ತದೆ. ಇಷ್ಟೊಂದು ಅಸಲಿ ಯಾರಿಗೂ ಬೇಡ. ಆದ್ದರಿಂದ ಶುಕ್ರವಾರ ಸಂಜೆಯೇ ಕುರ್ಚಿಗಳು ಅಟ್ಟ ಹತ್ತುತ್ತವೆ, ಯಂತ್ರಕ್ಕೆ ಚಾದರ ಹೊದೆಸಲಾಗುತ್ತದೆ, ಅಜ್ಜಿಗೆ ಇಳಕಲ್ ಸೀರೆ ಉಡಿಸಿ ಮೆಟ್ಟುಗತ್ತಿಯ ಮುಂದೆ ಕೂರಿಸಲಾಗುತ್ತದೆ. ಇಳಕಲ್ಲಿಗೂ ಶಿರಸಿಗೂ ಏನು ಸಂಬಂಧ ಎಂದು ಕೇಳಬಾರದು. ಫೋಟೋದಲ್ಲಿ ಕೆಂಪು ಅಂಚು ಚೆನ್ನಾಗಿ ಮೂಡುತ್ತದೆ. ಸಾಫ್ಟ್‌ವೇರ್ ಕಂಪನಿಯ ಹುಡುಗಿಯೊಬ್ಬಳು ಹತ್ತಿರ ಕೂತು, “ಅಜ್ಜೀ, ಎಷ್ಟು ವರ್ಷದಿಂದ ಸುಲಿಯುತ್ತಿದ್ದೀರಿ?” ಎಂದು ಕೇಳುತ್ತಾಳೆ. “ಇದರಿಂದ ಪಾರಾಗಬೇಕು ಅಂತಲೇ ತಂಗೀ, ಮಗ ಸಾಲ ಮಾಡಿ ಯಂತ್ರ ತಂದದ್ದು” ಎಂದು ಅಜ್ಜಿ ಹೇಳುವವಳಿದ್ದಳು. ಹಾಗೆಲ್ಲ ಹೇಳಬಾರದೆಂದು ಮೊದಲೇ ಕಿವಿಮಾತು ಹೇಳಿದ್ದಾರೆ. ತಲೆತಲಾಂತರದಿಂದ ನಡೆದುಬಂದದ್ದು ಎಂದಷ್ಟೇ ಹೇಳಿ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾಳೆ.

ಇನ್ನು ಕೊನೆಗೌಡ. ಅಡಕೆ ಮರ ಹತ್ತಿ, ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿಕೊಂಡು ದಾಟಿ ಕೊನೆ ಕೊಯ್ಯುವವರು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಕೊಯ್ಲಿನ ಕಾಲದಲ್ಲಿ ಒಬ್ಬ ಕೊನೆಗೌಡನಿಗಾಗಿ ನಾಲ್ಕು ಊರಿನವರು ಕಾದಿರುತ್ತಾರೆ. ಅಂಥವನು ಶನಿವಾರ ಭಾನುವಾರ ಹೋಂಸ್ಟೇಯ ಅಂಗಳದಂಚಿನ ಒಂದೇ ಮರವನ್ನು ದಿನಕ್ಕೆ ಐದು ಸಲ ಹತ್ತಿ ಇಳಿಯುತ್ತಾನೆ. ಆ ಮರದಲ್ಲಿ ಕೊನೆ ಇಲ್ಲದಿದ್ದರೂ ನಡೆಯುತ್ತದೆ. ಅವನನ್ನು ದೂರಿ ಫಲವಿಲ್ಲ. ತೋಟದಲ್ಲಿ ಇಡೀ ದಿನ ಹತ್ತಿದರೆ ಕೂಲಿ, ಇಲ್ಲಿ ಹತ್ತು ನಿಮಿಷ ಹತ್ತಿದರೆ ಕೂಲಿ ಮತ್ತು ಚಪ್ಪಾಳೆ.

ಸಂಜೆ ಯಕ್ಷಗಾನ. ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದಾಗಲೇ ಹಳಬರು ಗೊಣಗಿದ್ದರು. ಅವರು ಈಗ ಬಂದು ನೋಡಬೇಕು, ಇಪ್ಪತ್ತು ನಿಮಿಷದಲ್ಲಿ ಪ್ರವೇಶ, ಪಂಥ, ಯುದ್ಧ, ಮಂಗಳ ಎಲ್ಲವೂ ಮುಗಿಯುತ್ತವೆ. ಸೂಪು ಆರುವುದರೊಳಗೆ ಬಬ್ರುವಾಹನ ಅಪ್ಪನನ್ನು ಕೊಂದು, ಬದುಕಿಸಿ, ಕಾಲಿಗೆ ಬಿದ್ದು ಮುಗಿಸಬೇಕು. ವೇಷ ಕಟ್ಟಲು ಹಿಡಿಯುವ ಹೊತ್ತು ಆಟಕ್ಕಿಂತ ಹೆಚ್ಚೆಂದು ತಿಳಿದ ಒಬ್ಬ ಆಯೋಜಕರು ವೇಷ ಕಟ್ಟುವುದನ್ನೇ ಪ್ರತ್ಯೇಕ ಅನುಭವ ಮಾಡಿ ಪ್ರತ್ಯೇಕ ದರ ಇಟ್ಟಿದ್ದಾರೆ. ಇದರಲ್ಲಿ ಬುದ್ಧಿವಂತಿಕೆ ಇದೆ, ಒಪ್ಪಬೇಕು. ಶಿರಸಿಯ ಬೇಡರ ವೇಷ ಹೊರಗೆ ಬರುವುದು ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷಗಳಲ್ಲಿ, ಹೋಳಿಯ ಹೊತ್ತಿಗೆ, ಎಂದರೆ ಎರಡು ವರ್ಷಕ್ಕೊಮ್ಮೆ. ಅಷ್ಟು ಕಾಯುವ ರಜೆ ಯಾರಿಗಿದೆ? ಬೇಡನೇ ಶನಿವಾರಗಳಿಗೆ ಹೊಂದಿಕೊಳ್ಳಬೇಕು. ಯಲ್ಲಾಪುರ, ಹಳಿಯಾಳದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದಕ್ಕೂ ಎಷ್ಟೋ ಸುಲಭವಾಗಿ ಅವರ ಡಮಾಮಿ ಕುಣಿತ ಪ್ರವಾಸದ ಪಟ್ಟಿಗೆ ಸೇರಿತು. ಬೆಂಕಿಯ ಸುತ್ತ ಅವರು ಕುಣಿಯುತ್ತಾರೆ, ಅತಿಥಿಗಳೂ ಎದ್ದು ಕುಣಿಯುತ್ತಾರೆ. ಒಂಬತ್ತೂವರೆಗೆ ಅತಿಥಿಗಳು ಊಟಕ್ಕೆ ಹೋಗುತ್ತಾರೆ, ಸಿದ್ದಿಗಳು ಟೆಂಪೋ ಹತ್ತುತ್ತಾರೆ.

1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡಿದ್ದರು. ಅದೂ ಕಾರ್ಯಕ್ರಮದಲ್ಲಿದೆ. ಮರಕ್ಕೆ ಎರಡು ನಿಮಿಷ, ಕಣ್ಣು ಮುಚ್ಚಿಕೊಂಡು. ಮರ ಆಯ್ದುಕೊಳ್ಳುವಾಗ ಇರುವೆ ನೋಡಿಕೊಳ್ಳಬೇಕೆಂದು ಸೂಚನೆ.

ನಿಸರ್ಗದ ಸೊಬಗಿಗೆ ಬರೋಣ. ಹೊರಗಿನವರಿಗೆ ತಿಳಿಯದ ಸಂಗತಿಯೆಂದರೆ ಈ ಜಿಲ್ಲೆಯ ನಿಸರ್ಗಕ್ಕೆ ಗುಂಡಿ ಇದೆ, ಒತ್ತಿದರೆ ಬರುತ್ತದೆ. ದಾಂಡೇಲಿಯ ರಾಫ್ಟಿಂಗ್ ಎಂದು ಜನ ಹೇಳುವುದು ನಡೆಯುವುದು ಗಣೇಶಗುಡಿಯಲ್ಲಿ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಕೆಳಗೆ. ವಿದ್ಯುದಾಗಾರದಲ್ಲಿ ಟರ್ಬೈನ್ ತಿರುಗಿ ನೀರು ಹೊರಬಿದ್ದರೆ ಕಾಳಿ ನದಿ ಬುಸುಗುಟ್ಟುತ್ತದೆ. ತಿರುಗದಿದ್ದರೆ ಬಂಡೆಗಳ ನಡುವೆ ಸುಮ್ಮನೆ ಮಲಗಿರುತ್ತದೆ. ರಬ್ಬರ್ ದೋಣಿಯಲ್ಲಿ ಕೂತವರು ಪ್ರಕೃತಿಯ ರುದ್ರರೂಪಕ್ಕೆ ಕಿರುಚುತ್ತಾರೆ. ಆ ರುದ್ರರೂಪ ರಾಜ್ಯದ ಗ್ರಿಡ್‌ಗೆ ಎಷ್ಟು ಕರೆಂಟು ಬೇಕು ಎಂಬುದರ ಮೇಲೆ ನಿಂತಿದೆ. ಊರಲ್ಲಿ ಏಸಿ ಹಾಕಿಟ್ಟು ಬಂದವರಿಗೆ ಇಲ್ಲಿ ಅಲೆ ಹೆಚ್ಚು. ಪಕ್ಕದ ಜಿಲ್ಲೆಯ ಜೋಗದ ಕಥೆಯೂ ಇದೇ, 253 ಮೀಟರ್ ಧುಮುಕಬೇಕಾದ ಶರಾವತಿ 1964ರಿಂದ ಲಿಂಗನಮಕ್ಕಿಯ ಅನುಮತಿ ಕೇಳುತ್ತಾಳೆ.

ಸಂಜೆಗೆ ಸೂಪಾ ಹಿನ್ನೀರಿನ ಸೂರ್ಯಾಸ್ತ. ನೀರು ಬಂಗಾರವಾಗುತ್ತದೆ, ಯಾರೋ ಗಿಟಾರ್ ತೆಗೆಯುತ್ತಾರೆ. ಆ ಬಂಗಾರದ ಅಡಿಯಲ್ಲಿ ಸೂಪಾ ಎಂಬ ಊರಿದೆ. ತಾಲ್ಲೂಕಿಗೇ ಹೆಸರು ಕೊಟ್ಟಿದ್ದ, ಕಚೇರಿಗಳಿದ್ದ ಊರು. ಅದು ಮುಳುಗಿದ ಮೇಲೆ ಜನ ರಾಮನಗರಕ್ಕೆ ಎದ್ದುಹೋದರು, ತಾಲ್ಲೂಕು ಜೊಯಿಡಾ ಆಯಿತು. ಊರು ಮುಳುಗಿಸಿ ತೆಗೆದ ಕರೆಂಟು ಮಾತ್ರ ತಂತಿ ಹಿಡಿದು ದೂರದ ನಗರಗಳಿಗೆ ಹೋಯಿತು. ಜೊಯಿಡಾದ ಕಾಡೊಳಗಿನ ಮಜರೆಗಳು ಬಹುಕಾಲ ಚಿಮಣಿ ದೀಪದಲ್ಲೇ ಇದ್ದವು. ಆ ಚಿಮಣಿ ದೀಪವನ್ನು ಈಗ ಮೇಜಿನ ಮೇಲಿಟ್ಟು, ಕುಣಬಿಗಳ ಗೆಡ್ಡೆಗೆಣಸನ್ನು ಬಾಳೆಲೆಯಲ್ಲಿ ಬಡಿಸಿ, ದೀಪದ ಬೆಳಕಿನ ಭೋಜನ ಎಂದು ಬಿಲ್ಲು ಮಾಡುತ್ತಾರೆ. ಕರೆಂಟು ಹೋಗುವುದೆಲ್ಲ ಈಗ ಕಾರ್ಯಕ್ರಮವೇ. ಮೊಬೈಲಿಗೆ ಸಿಗ್ನಲ್ ಸಿಗದೆ ಊರಿನ ಹುಡುಗರು ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದ ಕಾಲವನ್ನು ನಾವು ಮರೆತಿಲ್ಲ. ಈಗ ಅದೇ ಗುಡ್ಡದ ಕೆಳಗೆ, ಸಿಗ್ನಲ್ ಇಲ್ಲದ ಮೂರು ದಿನಗಳಿಗೆ ಹೆಚ್ಚುವರಿ ಶುಲ್ಕವಿದೆ. ಟವರ್ ಬೇಕೆಂದು ಮನವಿ ಕೊಡಲು ಹೊರಟವರಿಗೆ ಹೋಂಸ್ಟೇ ಮಾಲೀಕರು, “ಸ್ವಲ್ಪ ಯೋಚಿಸಿ ಮಾರಾಯರೇ” ಎಂದು ಚಹಾ ಕೊಟ್ಟು ಕೂರಿಸುತ್ತಾರೆ.

ಹೀಗಾಗಿ ಲೋಕೋಪಯೋಗಿ ಇಲಾಖೆ ಎಲ್ಲಿ ಕೈಬಿಡುತ್ತದೋ ಅಲ್ಲಿಂದ ಪ್ರವಾಸೋದ್ಯಮ ಕೈಹಿಡಿಯುತ್ತದೆ ಎಂಬ ಸ್ಥಿತಿಗೆ ಬಂದಿದ್ದೇವೆ. ಇಲಾಖೆಗೆ ಇದರ ಅರಿವು ಇನ್ನೂ ಪೂರ್ತಿ ಆದಂತಿಲ್ಲ. ಆಗಿದ್ದರೆ ಅದು ಗುತ್ತಿಗೆದಾರರಿಂದ ಕಾಮಗಾರಿ ಮಾಡಿಸುವ ಬದಲು ಮಾಡಿಸದೆ ಇದ್ದುದಕ್ಕೆ ಟೆಂಡರ್ ಕರೆಯುತ್ತಿತ್ತು. ಆದರೂ ಕೊಡುಗೆ ಕೆಲವೊಮ್ಮೆ ತಾನಾಗಿಯೇ ಬರುವುದುಂಟು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ರಾಷ್ಟ್ರೀಯ ಹೆದ್ದಾರಿಯಲ್ಲೇ ಇಂಥದ್ದು ಸಿಗುವಾಗ ಒಳಗಿನ ಹಳ್ಳಗಳ ಮಾತೇನು?

ಒಳಗಿನ ಹಳ್ಳಗಳಿಗೆ ಇರುವುದು ಕಾಲುಸಂಕ. ಎರಡೋ ಮೂರೋ ಅಡಕೆ ದಬ್ಬೆ ಅಥವಾ ಮರದ ದಿಮ್ಮಿ, ಹಿಡಿಯಲು ಒಂದು ಬಿದಿರು ಗಳ. ಪ್ರತಿ ಮಳೆಗಾಲಕ್ಕೆ ಮುಂಚೆ ಊರಿನವರೇ ಹಾಕಿಕೊಳ್ಳುವುದು. ಇದು ಈಗ ಪ್ರವಾಸದ ಮುಖ್ಯ ಆಕರ್ಷಣೆ. ಡಿಸೆಂಬರಿನಲ್ಲಿ ಸಂಕದ ಕೆಳಗೆ ಪಾದ ಮುಳುಗುವಷ್ಟು ನೀರು. ಅದನ್ನು ದಾಟುವ ಹನ್ನೆರಡು ಜನಕ್ಕೆ ಹನ್ನೆರಡು ಲೈಫ್ ಜಾಕೆಟ್, ಹನ್ನೆರಡು ಹೆಲ್ಮೆಟ್, ಸೊಂಟಕ್ಕೆ ಹಗ್ಗ, ಆಚೆಗೊಬ್ಬ ಈಚೆಗೊಬ್ಬ ತರಬೇತಾದ ಸಹಾಯಕ, ಮೊದಲೇ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ, ವಿಮೆ. ದಾಟಿದವರಿಗೆ ಕೋಕಂ ಶರಬತ್ತು ಮತ್ತು ಪ್ರಮಾಣಪತ್ರ. ಜೂನ್ ಬಂದು ಹಳ್ಳ ಕೆಂಪಾಗಿ ಸಂಕವನ್ನು ಮುಟ್ಟುವಾಗ ಪ್ರವಾಸ ಬಂದ್. ಜಲಪಾತ, ಹಳ್ಳಗಳ ಬಳಿ ಪ್ರವಾಸಿಗರು ಹೋಗದಂತೆ ಜಿಲ್ಲಾಡಳಿತದ ಆದೇಶವೂ ಬರುತ್ತದೆ, ಬರಬೇಕಾದದ್ದೇ. ಶಾಲೆ ಶುರುವಾಗುವುದೂ ಆಗಲೇ. ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ ಹಿಡಿದು ಅದೇ ಸಂಕದ ಮೇಲೆ ಮಕ್ಕಳು ನಡೆಯುತ್ತಾರೆ. ಅವರಿಗೆ ಆದೇಶ ಅನ್ವಯಿಸುವುದಿಲ್ಲ, ಅವರು ಪ್ರವಾಸಿಗರಲ್ಲವಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಆ ವಾರ ಎಲ್ಲ ನಾಯಕರೂ ಸಂಕಗಳ ಬಗ್ಗೆ ಮಾತನಾಡಿದರು. ಶಾಲಾ ಸಂಪರ್ಕ ಸೇತು ಎಂಬ ಯೋಜನೆ ಅದಕ್ಕೂ ವರ್ಷಗಳ ಹಿಂದಿನಿಂದ ಇತ್ತು, ಈಗಲೂ ಅದರ ಹೆಸರು ಕೇಳಿಬರುತ್ತಿರುತ್ತದೆ.

ನಮ್ಮ ಕಡೆಯ ಒಂದು ಊರಿಗೆ (ಹೆಸರು ಬೇಡ, ಹೇಳಿದರೆ ಮುಂದಿನ ಶನಿವಾರವೇ ಆರು ಸಣ್ಣ ತಂಡಗಳು ಬರುತ್ತವೆ) ಈ ಯೋಜನೆ ನಿಜಕ್ಕೂ ಬಂದೇಬಿಡುವ ಲಕ್ಷಣ ಕಂಡಿತು. ಎಂಜಿನಿಯರ್ ಬಂದು ಟೇಪು ಹಿಡಿದು ಅಳೆದರು. ಗ್ರಾಮಸಭೆಯಲ್ಲಿ ಕಾಂಕ್ರೀಟ್ ಸೇತುವೆಯ ಪ್ರಸ್ತಾಪ ಓದಿದ ಕೂಡಲೇ ಪ್ರವಾಸದ ಆಯೋಜಕರು ಎದ್ದು ನಿಂತರು. ಅಭಿವೃದ್ಧಿಗೆ ತಾವು ವಿರೋಧಿಯಲ್ಲವೆಂದೂ, ಆದರೆ ಪಾರಂಪರಿಕ ಸಂಕವನ್ನು ಕಳೆದುಕೊಂಡರೆ ಊರಿನ ಆತ್ಮವೇ ಹೋಗುತ್ತದೆಂದೂ, ಹತ್ತು ಕುಟುಂಬಗಳ ವಾರಾಂತ್ಯದ ಆದಾಯಕ್ಕೆ ಕಲ್ಲು ಬೀಳುತ್ತದೆಂದೂ ಗದ್ಗದಿತರಾಗಿ ಹೇಳಿದರು. ಕೊನೆಯ ಮಾತು ಸುಳ್ಳಲ್ಲವಾದ್ದರಿಂದ ಹತ್ತು ಕುಟುಂಬಗಳು ಸುಮ್ಮನೆ ಕುಳಿತವು. ಸೇತುವೆಯನ್ನು ಕಾಂಕ್ರೀಟಿನಲ್ಲೇ ಕಟ್ಟಿ, ಮೇಲೆ ಅಡಕೆ ದಬ್ಬೆಯಂತೆ ಕಾಣುವ ಬಣ್ಣ ಬಳಿದು, ಸ್ವಲ್ಪ ಅಲುಗಾಡುವಂತೆ ಮಾಡಲು ಸಾಧ್ಯವೇ ಎಂದು ಯಾರೋ ಕೇಳಿದರು. ಅಂದಾಜುಪಟ್ಟಿಯಲ್ಲಿ ಅಲುಗಾಟಕ್ಕೆ ಶೀರ್ಷಿಕೆ ಇಲ್ಲವೆಂದು ಎಂಜಿನಿಯರ್ ವಿಷಾದಿಸಿದರು. ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, ಸೇತುವೆ ಆಗುವವರೆಗೆ ಒಂದು ಉಪಕಾರ ಮಾಡಿ ಎಂದಳು. ಮಳೆಗಾಲದಲ್ಲಿ ಪ್ರವಾಸ ಇರುವುದಿಲ್ಲ, ಲೈಫ್ ಜಾಕೆಟ್‌ಗಳು ಹೇಗೂ ಕೊಟ್ಟಿಗೆಯ ಅಟ್ಟದಲ್ಲಿ ಬೂಸಲು ಹಿಡಿಯುತ್ತವೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳಿಗೆ ಕೊಡಬಹುದಲ್ಲ? ಆಯೋಜಕರು ಒಳ್ಳೆಯ ಮನುಷ್ಯ, ತಕ್ಷಣ ಇಲ್ಲವೆನ್ನಲಿಲ್ಲ. ಬೆಂಗಳೂರಿಗೆ ಫೋನು ಮಾಡಲು ಗುಡ್ಡ ಹತ್ತಿ ಇಳಿದು ಬಂದರು. ಕೊಡಲು ಸಂಸ್ಥೆಯ ಅಭ್ಯಂತರವಿಲ್ಲ, ಠೇವಣಿ ಇಡಬೇಕು, ಮಣ್ಣಾದರೆ ತೊಳೆದು ಹಿಂತಿರುಗಿಸಬೇಕು, ವಿಮೆ ಮಾತ್ರ ಸ್ಥಳೀಯರಿಗೆ ಸಿಗುವುದಿಲ್ಲ. ಜಾಕೆಟ್ ಇರುವುದು ಹನ್ನೆರಡು, ಹಳ್ಳದಾಚೆಯಿಂದ ಬರುವ ಮಕ್ಕಳು ಹದಿನಾಲ್ಕು. ಯಾವ ಇಬ್ಬರನ್ನು ಬಿಡಬೇಕೆಂದು ಊರಿನವರೇ ತೀರ್ಮಾನಿಸಿ ಮೇ ತಿಂಗಳೊಳಗೆ ಬರೆದು ತಿಳಿಸಬೇಕಂತೆ.