ಎರಡಕ್ಷರ ಬರೆಯದ ದಿನ

ಮತ್ತೆ ಅದೇ ವಿಡಿಯೊ. ‘ವಾರಕ್ಕೊಂದು ದಿನ ಫೋನ್ ಆಫ್ ಮಾಡಿ, ಇದೇ ಯಹೂದಿಗಳ ಶಬ್ಬಾತ್, ಮಾರನೇ ದಿನ ಎರಡರಷ್ಟು ಕೆಲಸ ಆಗುತ್ತೆ’ ಅಂತ. ಬೆಳಿಗ್ಗೆಯಿಂದ ಮೂರು ಜನ ಕಳಿಸಿದ್ದೀರಿ. ಈ ವಿಷಯ ಕಂಡರೆ ನಾನು ಸುಮ್ಮನಿರಲ್ಲ ಅಂತ ಗೊತ್ತಿದ್ದೇ ಕಳಿಸಿದ್ದೀರಿ. ಹಾಗಾದ್ರೆ ಪೂರ್ತಿ ಓದಿ.

ಶಬ್ಬಾತ್ ಅಂದರೆ ಯಹೂದಿಗಳು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಆಚರಿಸುವ ವಾರದ ವಿಶ್ರಾಂತಿ ದಿನ. ಮಾರನೇ ದಿನದ ಕೆಲಸಕ್ಕೆ ಮೈ ಹುರಿಗೊಳಿಸಿಕೊಳ್ಳೋದಕ್ಕೆ ಇರೋ ದಿನ ಅಲ್ಲ ಅದು. ಮನುಷ್ಯ ಹೊಸದೇನನ್ನೂ ಮಾಡದೆ ಕೈ ಹಿಂದಕ್ಕೆ ತೆಗೆದುಕೊಳ್ಳುವ ದಿನ. ಯಹೂದಿಗಳ ಹಳೇ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಶಬ್ಬಾತ್ ದಿನ ಮಾಡಬಾರದ 39 ಕೆಲಸಗಳ ಪಟ್ಟಿ ಇದೆ. ಉಳುಮೆ, ಬಿತ್ತನೆಯಿಂದ ಹಿಡಿದು ರೊಟ್ಟಿ ಬೇಯಿಸುವವರೆಗೆ ಮೊದಲ 11. ಉಣ್ಣೆ ಕತ್ತರಿಸುವುದರಿಂದ ಬಟ್ಟೆಯವರೆಗೆ ಮುಂದಿನ 13. ಆಮೇಲೆ ಚರ್ಮ ಹದ ಮಾಡುವುದು, ಬರೆಯುವುದು, ಅಳಿಸುವುದು, ಕಟ್ಟುವುದು, ಕೆಡವುವುದು, ಬೆಂಕಿ ಹೊತ್ತಿಸುವುದು, ಆರಿಸುವುದು. ಇದು ಆಯಾಸದ ಲೆಕ್ಕ ಅಲ್ಲವೇ ಅಲ್ಲ. ಮನೆಯೊಳಗೆ ಭಾರದ ಮಂಚ ಎಳೆದು ಬೆವರು ಸುರಿಸಿದರೂ ಅದು ಈ 39ರಲ್ಲಿ ಬರಲ್ಲ. ಎರಡು ಅಕ್ಷರ ಬರೆದರೆ ಬರುತ್ತದೆ. ಎರಡೇ ಯಾಕೆ? ಅವರ ಪೂರ್ವಜರು ಮರುಭೂಮಿಯಲ್ಲಿ ಹೊತ್ತು ಸಾಗಿದ ಗುಡಾರ-ದೇಗುಲದ ಕೆಲಸಗಳಿಂದಲೇ ಈ ಪಟ್ಟಿ ಬಂದದ್ದು. ಅದರ ಹಲಗೆಗಳನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಯಾವುದರ ಪಕ್ಕ ಯಾವುದು ಅಂತ ತಿಳಿಯಲು ಎರಡಕ್ಕೂ ಒಂದೊಂದು ಗುರುತು ಬರೆಯುತ್ತಿದ್ದರು ಅಂತ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಹೇಳುತ್ತದೆ.

ಇನ್ನೂ ಹತ್ತಿರದಿಂದ ನೋಡಿ. 39ರಲ್ಲಿ ‘ಬೋರೇರ್’, ಅಂದರೆ ಬೆರೆತದ್ದನ್ನು ಹೆಕ್ಕಿ ಬೇರೆ ಮಾಡುವುದು, ಒಂದು. ಹುರಿದ ಕಡಲೆಕಾಯಿ ಬೀಜದ ಬಟ್ಟಲಲ್ಲಿ ಮುಗ್ಗಲು ಬೀಜ ಸೇರಿಕೊಂಡಿದೆ ಅಂತಿಟ್ಟುಕೊಳ್ಳಿ. ಮುಗ್ಗಲು ತೆಗೆದು ಬಿಸಾಡುವ ಹಾಗಿಲ್ಲ. ಒಳ್ಳೆಯದನ್ನು ತೆಗೆದು ತಿನ್ನಬಹುದು. ಅದೂ ಕೈಯಿಂದಲೇ; ಮೊರ, ಜರಡಿ ಮುಟ್ಟಬಾರದು. ಅದೂ ಈಗಲೇ ತಿನ್ನೋದಕ್ಕೆ. ಸಂಜೆ ಬರುವ ನೆಂಟರಿಗೆ ಅಂತ ಬೆಳಿಗ್ಗೆಯೇ ಆರಿಸಿಟ್ಟರೆ ತಪ್ಪು. ಎಡವಟ್ಟಾಗೋದು ಇಲ್ಲೇ. ಕೈ ಅಭ್ಯಾಸಬಲದಿಂದ ಕೆಟ್ಟದ್ದರ ಕಡೆಗೇ ಹೋಗುತ್ತದೆ. ಒಂದು ಹಿಡಿ ಕಡಲೆಬೀಜ ತಿನ್ನುವಾಗಲೂ ಕೈ ಏನು ಮಾಡ್ತಿದೆ ಅಂತ ಗಮನ ಇರಬೇಕು. ಫೋನ್ ಆಫ್ ಮಾಡಿ ಮಲಗಿದರೆ ಈ ಎಚ್ಚರ ಬರುತ್ತದಾ?

ತಯಾರಿಯ ಸುದ್ದಿಯೂ ಆ ವಿಡಿಯೊದಲ್ಲಿಲ್ಲ. ಬಹಳ ಊರುಗಳಲ್ಲಿ ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ದೀಪ ಹಚ್ಚುತ್ತಾರೆ, ಜೆರುಸಲೇಮಿನಲ್ಲಿ 40 ನಿಮಿಷ ಮುಂಚೆ. ಅಷ್ಟರೊಳಗೆ ಅಡುಗೆ ಮುಗಿದು, ಉರಿಯ ಮೇಲೆ ಲೋಹದ ತಗಡು ಮುಚ್ಚಿ, ಅದರ ಮೇಲೆ ಮಾರನೇ ದಿನದ ಊಟದ ಪಾತ್ರೆ ಕೂತಿರಬೇಕು. ಫ್ರಿಜ್ಜಿನೊಳಗಿನ ಬಲ್ಬ್ ಮೊದಲೇ ತೆಗೆದಿರಬೇಕು. ಮರೆತರೆ ಬಾಗಿಲು ತೆಗೆಯುತ್ತಲೇ ದೀಪ ಹೊತ್ತುತ್ತದೆ, ಹಾಗಾಗಿ ಬಾಗಿಲು ತೆಗೆಯುವ ಹಾಗಿಲ್ಲ, ಹಾಲು ಒಳಗೇ ಉಳಿದಂತೆ.

‘ಹೆಸರು ಏನಾದರೇನು, ಜನಕ್ಕೆ ಒಳ್ಳೇದಾದ್ರೆ ಸಾಕಲ್ವಾ?’ ಅಂತೀರಿ. ಫೋನ್ ಆಫ್ ಮಾಡಿ, ಖಂಡಿತ ಒಳ್ಳೇದು. ಅದನ್ನು ಶಬ್ಬಾತ್ ಅನ್ನಬೇಡಿ, ಅಷ್ಟೇ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಹಿಂದೆ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ ಅಂತಲೇ ಕರೆದರು, ಶನಿವಾರದ ಗಾಣಿಗರು ಅಂತ. ಭಾನುವಾರ ಹೆಚ್ಚು ಎಣ್ಣೆ ಬರಲಿ ಅಂತ ಅವರು ಗಾಣ ನಿಲ್ಲಿಸಲಿಲ್ಲ.

ಕೈ ನಿಂತ ಮೇಲೆ ಆ ದಿನ ತುಂಬೋದು ಓದಿನಿಂದ. ಯಹೂದಿಗಳ ಮೂಲ ಧರ್ಮಗ್ರಂಥ ತೋರಾವನ್ನು 54 ಭಾಗ ಮಾಡಿ ವಾರವಾರ ಓದುತ್ತಾ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಮನೆಯಲ್ಲಿ ಓದುವ ಹಳೇ ಕ್ರಮ ಹೀಗೆ: ಪ್ರತಿ ವಚನವನ್ನು ಹೀಬ್ರೂನಲ್ಲಿ ಎರಡು ಸಲ, ಅರಾಮಿಕ್ ಅನುವಾದದಲ್ಲಿ ಒಂದು ಸಲ. ವಾರದ ಭಾಗದಲ್ಲಿ ಏಳು ತುಂಡು ಇರುವುದರಿಂದ ದಿನಕ್ಕೊಂದರಂತೆ ಮಾಡಿಕೊಂಡರೆ ಹೊರೆಯಾಗಲ್ಲ. ಎಲ್ಲವನ್ನೂ ಶುಕ್ರವಾರಕ್ಕೆ ತಳ್ಳಿದವರು ಬಾಯಿಪಾಠ ಒಪ್ಪಿಸಿದ ಹಾಗೆ ಓಡಿಸುತ್ತಾರೆ, ಒಂದು ಮಾತೂ ಒಳಗೆ ಇಳಿಯಲ್ಲ.

ಇದರಲ್ಲೂ ಒಂದು ಕಟ್ಟುಪಾಡು ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಶಬ್ಬಾತ್ ರಾತ್ರಿ ಎಣ್ಣೆದೀಪದ ಬೆಳಕಲ್ಲಿ ಒಬ್ಬನೇ ಓದಬಾರದು. ಓದಿನಲ್ಲಿ ಮುಳುಗಿ, ಬೆಳಕು ಮಂಕಾಯಿತು ಅಂತ ಹಣತೆ ವಾಲಿಸಿಬಿಟ್ಟರೆ ಎಣ್ಣೆ ಬತ್ತಿಗೆ ಹರಿದು ಉರಿ ಏರುತ್ತದೆ, ಬೆಂಕಿ ಹೊತ್ತಿಸಿದ ಹಾಗಾಗುತ್ತದೆ. ಹಳೇ ಕಾಲದ ಧರ್ಮಪಂಡಿತ ರಬ್ಬಿ ಇಷ್ಮಾಯೇಲ್ ಬೆನ್ ಎಲೀಷಾ ‘ನಾನು ಓದ್ತೀನಿ, ವಾಲಿಸಲ್ಲ’ ಅಂದುಕೊಂಡು ಕೂತರಂತೆ. ವಾಲಿಸಿಯೇಬಿಟ್ಟರು ಅಂತ ತಾಲ್ಮುದ್‌ನಲ್ಲಿ ಒಂದು ಹೇಳಿಕೆ ಇದೆ. ಜೆರುಸಲೇಮಿನಲ್ಲಿ ನಾಶವಾದ ದೇವಾಲಯ ಮತ್ತೆ ಕಟ್ಟಿದ ದಿನ ಪ್ರಾಯಶ್ಚಿತ್ತದ ಬಲಿ ಕೊಡುತ್ತೇನೆ ಅಂತ ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡರಂತೆ. ಇಬ್ಬರು ಕೂತು ಒಂದೇ ವಿಷಯ ಓದಿದರೆ ಮಾತ್ರ ಅಡ್ಡಿಯಿಲ್ಲ, ಒಬ್ಬನ ಕೈ ಹಣತೆಯತ್ತ ಹೋದರೆ ಇನ್ನೊಬ್ಬ ತಡೆಯುತ್ತಾನೆ. ಮೈಮರೆತು ಓದುವವರನ್ನು ಇಷ್ಟು ಚೆನ್ನಾಗಿ ಬಲ್ಲ ಸಂಪ್ರದಾಯವನ್ನು ಮೂವತ್ತು ಸೆಕೆಂಡಿನ ಸಲಹೆ ಮಾಡಿಟ್ಟರೆ ಹೊಟ್ಟೆ ಉರಿಯಲ್ವಾ?

ಶನಿವಾರ ರಾತ್ರಿ ಮೂರು ನಕ್ಷತ್ರ ಕಂಡ ಮೇಲೆ ದ್ರಾಕ್ಷಾರಸ, ಲವಂಗದಂಥ ಒಂದು ಪರಿಮಳದ ವಸ್ತು, ಹಲವು ಬತ್ತಿ ಹೆಣೆದ ಮೇಣದ ದೀಪ ಇಟ್ಟು ದಿನವನ್ನು ಬೀಳ್ಕೊಡುತ್ತಾರೆ. ದೀಪದ ಮುಂದೆ ಬೆರಳು ಮಡಚಿ, ಉಗುರಿನ ಮೇಲೆ ಬೀಳುವ ಬೆಳಕನ್ನು ನೋಡುತ್ತಾರೆ. ಕೊನೆಗೆ ಉರಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಆರಿಸುತ್ತಾರೆ. ಇನ್ನು ಪೆನ್ನು ಮುಟ್ಟಬಹುದು.